ಸರಿಯುತ್ತರ: ಏಳು ಮೀಟರ್

ಟಾಲಿನ್ನಿನ ನಾಲ್ಕನೇ ಮಹಡಿಯಲ್ಲಿ ಕೂತು
ಈ ಪಾಠ ಹೆಣೆದವಳು ನಾನೇ.
ಉದ್ದೇಶ, ಹಂತ ಒಂದು, ಹಂತ ಎರಡು,
ನಲವತ್ತೈದು ನಿಮಿಷ, ಕೊನೆಗೆ ಐದು ಪ್ರಶ್ನೆ.
"ಪಾಠ ಮುಗಿಯುವ ಹೊತ್ತಿಗೆ ಮಕ್ಕಳು
ಕೆರೆಯ ಆಳವನ್ನು ಅರಿತಿರುವರು."
ಆ 'ಇರುವರು' ಎಂಬಲ್ಲಿ ಎಷ್ಟು ಧೈರ್ಯ ನೋಡಿ,
ನಾಳಿನ ಹವೆ ಹೇಳುವವರಿಗೂ ಇರಲಿಕ್ಕಿಲ್ಲ.

ಫೆಬ್ರವರಿ. ವೋರು ಸೀಮೆಯ ಸಣ್ಣ ಶಾಲೆ.
ಹದಿಮೂರು ಮಕ್ಕಳು, ಒಬ್ಬಳೇ ಟೀಚರು, ವಿರ್ವೆ.
ನನ್ನ ಹಾಳೆಗಳನ್ನು ಮರ್ಯಾದೆಯಿಂದಲೇ ತೆಗೆದುಕೊಂಡು
ಒಲೆಯ ಪಕ್ಕ, ಒದ್ದೆ ಕೈಗವಸುಗಳ ಕೆಳಗೆ ಹಾಸಿದಳು.
ಆಮೇಲೆ ಮಕ್ಕಳತ್ತ ತಿರುಗಿ
"ಕೆರೆ ಎಷ್ಟು ಆಳ?" ಅಂದಳು.
ಅಂದು, ಸುಮ್ಮನಾದಳು.

ನನ್ನ ಯೋಜನೆಯಲ್ಲಿ
ಸುಮ್ಮನಿರುವುದಕ್ಕೆ ನಿಮಿಷವೇ ಇರಲಿಲ್ಲ.

"ನಮ್ಮಜ್ಜ ಮುಳುಗುವಷ್ಟು." "ತಳವೇ ಇಲ್ಲ."
"ತಳ ಇಲ್ಲದೆ ನೀರು ಯಾವುದರ ಮೇಲೆ ಕೂತಿದೆ, ಹೇಳು?"

ಹೊರಟೇಬಿಟ್ಟರು. ಮಂಜುಗಡ್ಡೆ ಕೊರೆಯುವ ಬೈರಿಗೆ,
ಬಟ್ಟೆ ಒಣಹಾಕುವ ಹಗ್ಗ, ಅದರ ತುದಿಗೊಂದು ಕಬ್ಬಿಣದ ಬೀಗ.
ಅಳತೆಪಟ್ಟಿ ಯಾರೂ ತರಲಿಲ್ಲ.
ವಿರ್ವೆ ಕಂಡಳು. ಹೇಳಲಿಲ್ಲ.
ನನ್ನ ನಾಲಿಗೆಯ ತುದಿಗೆ ಬಂದದ್ದನ್ನು
ಚಳಿಯೇ ಕಚ್ಚಿ ಹಿಡಿಯಿತು ಅನ್ನಬೇಕು.

ಬೀಗ ತಳ ಮುಟ್ಟಿತು. ನೆನೆದ ಹಗ್ಗವನ್ನು
ಯೋಸೆಪ್ ಕೈಚಾಚಿ ಅಳೆದ: ಐದು ಮಾರು.
ಆಯ್ಗಿ ಅಳೆದಳು: ಆರೂವರೆ.
ತೂತು ಒಂದೇ, ಹಗ್ಗ ಒಂದೇ.
"ನಿನ್ನ ಕೈ ಮೋಟು!" "ನೀನು ಕದ್ದು ಎಳೆದೆ!"
ಜಗಳವಾಡಿ, ಮೂಗು ಒರೆಸಿಕೊಂಡು, ಮತ್ತೆ ಆಡಿ
ಕಡೆಗೆ ಯಾರದ್ದೂ ಅಲ್ಲದ ಒಂದು ಕೈ ಬೇಕೆಂದಾಯಿತು.
ಆಯ್ಗಿಯ ಸ್ಕಾರ್ಫು.
ಹಾಗೆ, ಬೇಕಾದ ಗಳಿಗೆಯಲ್ಲಿ, ಅವರಿಗೊಂದು ಮಾನ ಹುಟ್ಟಿತು.
ನಾನದನ್ನು ಹಂತ ಒಂದರಲ್ಲೇ ಬಡಿಸಿಬಿಟ್ಟಿದ್ದೆ,
ಹಸಿವಾಗುವ ಮುಂಚೆ.

ಇಲ್ಲಿ ನಾಲ್ಕೂವರೆ ಸ್ಕಾರ್ಫು, ಜೊಂಡಿನ ಹತ್ತಿರ ಒಂದು,
ದೋಣಿಮನೆಯ ಎದುರು ಹಗ್ಗವೇ ಸಾಲಲಿಲ್ಲ.
"ಹಾಗಾದರೆ ಕೆರೆಯ ಆಳ ಅಂದರೆ ಯಾವುದು?"
ಹಿಮದ ಮೇಲೆ ಕೋಲಿನಿಂದ ಕೆರೆ ಬರೆದರು,
ತೂತಿಗೊಂದು ಪೈನ್ ಕಾಯಿ.

ಎಳೆದೆಳೆದು ಸ್ಕಾರ್ಫು ಹಿಗ್ಗಿತ್ತು.
ಯಾರೂ ಗಮನಿಸಲಿಲ್ಲ.
ನಾಳೆ ಗಮನಿಸಬಹುದು. ಎಂದೂ ಗಮನಿಸದೆಯೂ ಇರಬಹುದು.
ಇದಕ್ಕೆ ಏನು ಮಾಡಬೇಕೋ
ನನಗೆ ಇವತ್ತಿಗೂ ತಿಳಿದಿಲ್ಲ.

ನಲವತ್ತೈದು ನಿಮಿಷ ಎಂದೋ ಕಳೆದಿತ್ತು.
ಬೆಳಗಿನಿಂದ ಬಾಯಿ ಬಿಡದ ಊಕು
ನನ್ನ ಬಳಿ ಬಂದು ನಿಂತ.
"ನಿಮ್ಮ ಹಾಳೆಯಲ್ಲಿ ಏಳು ಮೀಟರ್ ಅಂತಿದೆ,
ಕೈಗವಸು ತಗೊಳ್ಳುವಾಗ ಓದಿದೆ.
ನೀವು ಎಲ್ಲಿ ನಿಂತು ಅಳೆದಿರಿ?"
ತೋರಿಸಿ ಅಂತ ಬೈರಿಗೆಯನ್ನು ಕೈಗಿಟ್ಟ.

ಆ ಕೆರೆಯ ಮೇಲೆ ಅದೇ ಮೊದಲು ಕಾಲಿಟ್ಟವಳು ನಾನು.
ಯಾವ ಕಡೆ ತಿರುಗಿಸಬೇಕು ಇದನ್ನ, ಎಂದು
ಅವನನ್ನೇ ಕೇಳಿದೆ.

ಅವನು, ಥೇಟ್ ವಿರ್ವೆಯ ಹಾಗೆ,
ಸುಮ್ಮನೆ ನಿಂತು ನೋಡಿದ.