ರಜೆಯ ದಿನ, ಅದೇ ಬಸ್ಸು

ಆರು ವರ್ಷದಿಂದ ಈ ದಾರಿ ನನ್ನ ಅಂಗೈಯಲ್ಲಿದೆ.
ಶೆಫೀಲ್ಡಿನ ನಿಲ್ದಾಣ ಬಿಟ್ಟು
ಎಕ್ಲ್‌ಸಾಲ್ ರಸ್ತೆಯ ಕಾಫಿ ಅಂಗಡಿ, ಕ್ಷೌರದಂಗಡಿ,
ಯಾವತ್ತೂ ಕೆಂಪಾಗಿಯೇ ಸಿಗುವ ದೀಪ,
ಆಮೇಲೆ ಮನೆಗಳು ಒಂದೊಂದಾಗಿ ಕೈಬಿಟ್ಟು
ಬರೀ ಬಯಲು, ಕಲ್ಲುಗೋಡೆ, ಕುರಿ.
ಫಾಕ್ಸ್ ಹೌಸಿನಲ್ಲಿ ಬಾಗಿಲು ತೆರೆದರೆ
ಬೂಟುಗಳು ಇಳಿಯುತ್ತವೆ, ಕೋಲುಗಳು, ನಾಯಿಗಳು.
ಎಲ್ಲಿಗೆ ಹೋಗುತ್ತಾರೆಂದು ಕೇಳಿದವಳಲ್ಲ.
ಸಂಜೆ ಹತ್ತುವಾಗ ಮೊಣಕಾಲಿನ ತನಕ ರಾಡಿ,
ಮುಖದಲ್ಲಿ ಏನೋ ಕದ್ದು ತಂದವರ ಕಳೆ.
ನನ್ನ ಪಾಲಿಗೆ ಮೆಟ್ಟಿಲ ಮೇಲೆ ಒಣಗುವ ಮಣ್ಣು.

ಈ ಮಂಗಳವಾರ ರಜೆ. ಸಮವಸ್ತ್ರ ಬಾಗಿಲ ಹಿಂದೆ ತೂಗಿ
ಟಿಕೆಟ್ ಕೊಂಡು ಕಿಟಕಿಗೆ ಕೂತೆ.
‘ನಿದ್ದೆ ಹತ್ತಲಿಲ್ಲವೇನು, ನೀಲಾ?’ ಅಂದ ಡ್ಯಾರನ್, ಸ್ಟಿಯರಿಂಗಿನಿಂದ.
(ನೀಲಗಂಗಾ ಎಂಬುದು ಬಿಲ್ಲೆಯ ಮೇಲೆ ಹಿಡಿಸಲಿಲ್ಲ.)
ತಿರುವು ಬಂದಾಗಲೆಲ್ಲ ನನ್ನ ಬಲಗಾಲು
ಖಾಲಿ ನೆಲಕ್ಕೆ ಬ್ರೇಕ್ ಒತ್ತಿತು.
ಕೊನೆಗೆ ಕೆಂಪು ಗುಂಡಿ ಒತ್ತಿದೆ. ಟಿಣ್!
ಇಷ್ಟು ದಿನ ಬೇರೆಯವರು ನನಗೆ ಹೊಡೆದ ಗಂಟೆ.

ಮಿಸೆಸ್ ಓಲ್ಡ್‌ರಾಯ್ಡ್‌ಗೆ ಗುರುತು ಸಿಗಲಿಲ್ಲ ಮೊದಲು.
ಅವಳು ಕಂಡದ್ದು ಕನ್ನಡಿಯೊಳಗಿನ ಕಣ್ಣಷ್ಟೇ;
ಕಾಲಿವೆಯೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ.
ಎಪ್ಪತ್ತೊಂಬತ್ತರ ಮುದುಕಿ, ಸೊಂಟಕ್ಕೆ ಉಕ್ಕಿನ ಕೀಲು,
ನನಗಿಂತ ಮುಂದೆ ಮುಂದೆ.
ಗುಡ್ಡದ ತುಂಬ ಹೀದರ್ ಹೂ,
ಬದನೆ ಹೂವಿನ ಬಣ್ಣವನ್ನು ಯಾರೋ ಕೊಪ್ಪರಿಗೆಯಿಂದ ಚೆಲ್ಲಿದ ಹಾಗೆ.
ಕುಕ್ಕರಗಾಲಲ್ಲಿ ಕೂತು ಬಿಲ್‌ಬೆರಿ ಕಿತ್ತು ತಿಂದೆವು.
ಇಬ್ಬರೂ ನಾಲಿಗೆ ಚಾಚಿ ತೋರಿಸಿಕೊಂಡೆವು,
ಕವಳಿಹಣ್ಣು ಕದ್ದ ಹುಡುಗಿಯರಂತೆ.

ಕಾಲಬುಡದಿಂದಲೇ ಬುರ್ರನೆ ಎದ್ದಿತೊಂದು ಗ್ರೌಸ್ ಹಕ್ಕಿ.
‘ಕೇಳು, ಏನನ್ನುತ್ತೆ ಗೊತ್ತಾ? ಗೋ ಬ್ಯಾಕ್, ಗೋ ಬ್ಯಾಕ್!’
ಅಂದವಳು ಗಕ್ಕನೆ ನಿಂತಳು. ಕಿವಿ ಕೆಂಪಾಯಿತು.
‘ಹಕ್ಕಿ... ಹಕ್ಕಿ ಅನ್ನೋದು. ಹಿಂದಿನಿಂದ ಹಾಗೇ ಹೇಳ್ತಾರೆ.’
ಪಂದ್ಯದ ರಾತ್ರಿಗಳ ಕೊನೆಯ ಬಸ್ಸಿನಲ್ಲಿ
ರೆಕ್ಕೆಯಿಲ್ಲದ ಬಾಯಿಂದಲೂ ಕೇಳಿದ್ದೇನೆ ಅದನ್ನು.
ಹೇಳಲಿಲ್ಲ. ನಗು ಬಂತು ಮಾತ್ರ,
ಅವಳಿಗೂ ಬರಲೆಂದು ಸ್ವಲ್ಪ ಜಾಸ್ತಿಯೇ ನಕ್ಕೆ.
ಹಕ್ಕಿ ಅತ್ತ ಕಡೆ ಇಳಿದು ತನ್ನಷ್ಟಕ್ಕೆ ಮೇಯತೊಡಗಿತು.

ಬಂಡೆಯಂಚಿನ ಕೆಳಗೆ, ಜರೀಗಿಡದ ಮರೆಯಲ್ಲಿ
ಬೀಸುಕಲ್ಲುಗಳು. ಒಂದಲ್ಲ, ಎರಡಲ್ಲ.
ಆಳೆತ್ತರದವು, ನಡುವೆ ತೂತು ಕೊರೆದು ಮುಗಿಸಿದವು,
ಮಗ್ಗುಲಿಗೊರಗಿ, ಮಕಾಡೆ ಬಿದ್ದು, ಪಾಚಿ ಹೊದ್ದು.
ಕಡಿದವರು ಕಡಿದಲ್ಲೇ ಬಿಟ್ಟು ಹೋದರಂತೆ.
‘ಪೇಟೆಯವರಿಗೆ ಬಿಳಿ ಬ್ರೆಡ್ಡಿನ ಹುಚ್ಚು ಹಿಡಿಯಿತು,
ಈ ಕಲ್ಲಿನ ಹಿಟ್ಟು ಬೂದು,’ ಅಂದಳು ಮುದುಕಿ.
ಒಂದರ ಮೇಲೆ ಅಂಗೈ ಊರಿದೆ.
ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ; ಗಾಜಿನಾಚೆ
ಆರು ವರ್ಷ ನುಣ್ಣಗೇ ಇತ್ತು.
ಇದು ತರಿತರಿ. ಹಿಡಿದೆಳೆಯುವ ಕಲ್ಲು.
ನಮ್ಮಮ್ಮಾಯಿ ನಸುಕಿನಲ್ಲಿ ಜೋಳ ಬೀಸುವಾಗ
ಹಲ್ಲು ಸವೆದ ಕಲ್ಲನ್ನು ಬಯ್ಯುತ್ತಿದ್ದಳು:
‘ಮೆತ್ತಗಾದಿ ನೀ. ಮೆತ್ತಗಾದ್ರ ಯಾರ್ ಕೇಳ್ತಾರ?’
ಉಳಿ ಹಿಡಿದು ಮುಳ್ಳು ಹಾಕುವವನು ಬರುವ ತನಕ
ರೊಟ್ಟಿಯಲ್ಲಿ ನುಚ್ಚು ಸಿಗುತ್ತಿತ್ತು.
ಇಲ್ಲಿ ಒಂದು ಕಾಳೂ ಮುಟ್ಟದ ಹಲ್ಲು,
ಇನ್ನೂ ಚೂಪಾಗಿಯೇ ಇದೆ, ಮಳೆನೀರು ಹಿಡಿದುಕೊಂಡು.
ತೂತಿನೊಳಗೊಂದು ಬರ್ಚ್ ಸಸಿ ತಲೆ ಹಾಕಿದೆ.

ಫ್ಲಾಸ್ಕಿನ ಚಹಾ ಅವಳದು, ಬುತ್ತಿಯ ಚಪಾತಿ ನನ್ನದು.
ಕಲ್ಲಿನ ಮೇಲೇ ಬಿಚ್ಚಿದೆವು.
ಕೆಳಗೆ ದಾರಿಯಲ್ಲಿ ಬೆಂಕಿಪೊಟ್ಟಣದಷ್ಟು ಬಸ್ಸು,
ಮೂರೂ ಇಪ್ಪತ್ತರದು, ನಾಲ್ಕು ನಿಮಿಷ ತಡ.
ಓಡಿದರೆ ಸಿಗುತ್ತಿತ್ತೇನೋ.
‘ಇನ್ನೊಂದು ಚೂರು ಉಪ್ಪಿನಕಾಯಿ ಇದೆಯಾ?’ ಅಂದಳು.
ಇತ್ತು.