ತಂಗಿ ಮರ

ಬಿತ್ತನೆ ಕೋಠಿಯ ಶೀತಲ ಕೋಣೆಯಲ್ಲಿ
ಮೊಟ್ಟೆ ಹಾಳೆಗಳ ಹಿಂದೆ
ಒದ್ದೆ ಮರಳಿನ ಡಬ್ಬಿಯೊಂದನ್ನು ಬಚ್ಚಿಟ್ಟಿದ್ದೆ,
ಮೂರು ತಿಂಗಳು.
ಒಳಗೆ ಏಳು ಕಾಯಿ. ಗೋಲಿಯಷ್ಟು ದಪ್ಪ, ಗೋಲಿಯಷ್ಟೇ ಗಟ್ಟಿ.

ತರಬೇತಿಗೆ ಬಂದಿದ್ದ ಚಂಬಾದ ಹುಡುಗ,
ಮುದ್ದೆ ನುಂಗಲು ಬಾರದೆ ಅಗಿದೂ ಅಗಿದೂ ಸೋತವನು,
ಊರಿಗೆ ಹೊರಟ ದಿನ ಜೇಬಿನಿಂದ ತೆಗೆದು ಕೊಟ್ಟ.
"ಠಾಂಗಿ" ಅಂದ.
ನನಗೆ ಕೇಳಿಸಿದ್ದು ತಂಗಿ.
ಯಾರ ತಂಗಿಯಪ್ಪಾ ಅಂದೆ. ಕನ್ನಡ ಬಾರದವನು ತಲೆಯಾಡಿಸಿದ.
ಚಳಿ ತಿಂದರೇ ಮೊಳೆಯುವುದು ಎಂಬುದನ್ನು
ತೋಳು ತಬ್ಬಿಕೊಂಡು ನಡುಗಿ ತೋರಿಸಿದ.

ಚಳಿ ತಿನ್ನದೆ ಒಡೆಯದ ಮೊಟ್ಟೆಗಳ ನಡುವೆ
ಇಪ್ಪತ್ತೆರಡು ವರ್ಷ ದುಡಿದವಳಿಗೆ ಇದೇನು ಹೊಸದೆ?
ಇನ್ಸ್‌ಪೆಕ್ಟರ್ ಪಿಳ್ಳಪ್ಪನವರು ಡಬ್ಬಿ ಅಲ್ಲಾಡಿಸಿ
"ಇದು ಯಾವ ತಳಿ, ಮುನಿರತ್ನಮ್ಮ?" ಅಂದರು.
"ದ್ವಿತಳಿ ಸಾರ್" ಅಂದುಬಿಟ್ಟೆ.
ಲೆಡ್ಜರಿನಲ್ಲಿ ಬರೆದುಕೊಂಡರೋ ಏನೋ.

ಏಳರಲ್ಲಿ ಒಂದು ಬಿರಿಯಿತು.

ಶಿಡ್ಲಘಟ್ಟದಲ್ಲಿ ನಮ್ಮ ಹಿತ್ತಿಲು ಅಂದರೆ ಇಷ್ಟೇ:
ಅಮ್ಜದ್ ಸಾಬರ ರೀಲಿಂಗ್ ಶೆಡ್ಡಿನ ಗೋಡೆ,
ಬೆಂದ ಗೂಡಿನ ವಾಸನೆ, ಒಂದು ಬಟ್ಟೆ ಒಗೆಯುವ ಕಲ್ಲು.
ಅದರ ಪಕ್ಕ ನೆಟ್ಟೆ.
ಬೇಸಿಗೆಗೆ ಹಳೇ ಚಂದ್ರಿಕೆ ಅಡ್ಡ ನಿಲ್ಲಿಸಿ ನೆರಳು,
ಡಿಸೆಂಬರಿಗೆ ಐಸ್‌ಕ್ಯಾಂಡಿ ಫ್ಯಾಕ್ಟರಿಯ ಒಡಕು ಮಂಜುಗಡ್ಡೆ ಬುಡಕ್ಕೆ.
"ಏನು, ಗಿಡಕ್ಕೆ ಜ್ವರಾನಾ?" ಅಂತ ಬೀದಿಯವರು.

ಎಲೆ ಥೇಟ್ ಹಿಪ್ಪುನೇರಳೆ.
ಅಷ್ಟೇ ಅಗಲ, ಅಂಚಿಗೆ ಗರಗಸ, ಅಡಿಗೆ ಸಣ್ಣ ನವಿರು.
ಸೊಪ್ಪು ಸಾಲದ ಒಂದು ಸಂಜೆ ತಮ್ಮ ದ್ಯಾವಣ್ಣ
ನನ್ನ ಕೇಳದೆ ಬುಟ್ಟಿ ತುಂಬ ಕಿತ್ತು
ಮೂರನೇ ಜ್ವರ ಎದ್ದ ಹುಳಗಳ ಮೇಲೆ ಹರಡಿದ.
ರಾತ್ರಿಯೆಲ್ಲ ಕೇಳಬೇಕಿದ್ದ ಚರಚರ ಸದ್ದಿಲ್ಲ.
ಬೆಳಿಗ್ಗೆ ನೋಡಿದರೆ ಒಂದೆಲೆಗೂ ತೂತಿಲ್ಲ;
ಹುಳಗಳೆಲ್ಲ ತಟ್ಟೆಯ ಅಂಚಿಗೆ ಬಂದು
ತಲೆಯೆತ್ತಿ ಕೂತಿದ್ದವು,
ಪಾಯಸ ಬಾರದ ಪಂಕ್ತಿಯಲ್ಲಿ ಕೂತ ಬೀಗರ ಹಾಗೆ.

"ಹುಳ ತಿನ್ನಲ್ಲ, ಕಾಯಿ ಬಿಡಲ್ಲ. ಯಾತಕ್ಕಕ್ಕ ಇದು?"
"ಅಂದಕ್ಕೆ" ಅಂದೆ.
ಅಂದಮೇಲೆ ನನಗೇ ನಾಚಿಕೆಯಾಯಿತು.
ನಮ್ಮ ಮನೆಯಲ್ಲಿ ಅದುವರೆಗೆ
ಯಾರೂ ಯಾವುದನ್ನೂ ಅಂದಕ್ಕೆ ಅಂತ ಇಟ್ಟುಕೊಂಡಿರಲಿಲ್ಲ.
ರೇಷ್ಮೆಯನ್ನು ಕೂಡ.

ಮರ ಗೋಡೆ ದಾಟಿತು. ಶೆಡ್ಡಿನ ಹೆಂಗಸರು
ಸುಟ್ಟ ಬೆರಳುಗಳನ್ನು ಅದರ ನೆರಳಿಗೆ ತಂದರು.
ಎದುರು ಮನೆ ಗಂಗುಲಮ್ಮ ತೆಲುಗಿನಲ್ಲಿ "ಚೆಲ್ಲಿ ಚೆಟ್ಟು" ಅಂದಳು;
ಅಲ್ಲಿಗೆ ಎರಡು ಭಾಷೆಯಲ್ಲೂ ನನಗೊಬ್ಬಳು ತಂಗಿ.

ಹದಿನಾರನೆಯ ಸಂಕ್ರಾಂತಿಗೆ
ನಂದಿ ಕಡೆಯಿಂದ ಇಳಿದ ಮಂಜು ಮೂರು ದಿನ ಏಳಲಿಲ್ಲ.
ನಾಲ್ಕನೇ ದಿನ, ಬರಿಗೊಂಬೆಗಳ ತುಂಬ
ಸೆರಗಿನ ಕುಚ್ಚು!
ಹಳದಿ ಹಳದಿ, ಯಾರೋ ರಾತ್ರಿಯೆಲ್ಲ ಕೂತು ಕಟ್ಟಿದ ಹಾಗೆ.
ಗಾಳಿಗೆ ಪುಡಿ ಉದುರಿ ಸಾಬರ ಒದ್ದೆ ನೂಲಿನ ಮೇಲೆ ಕೂತಿತು.
"ಬಣ್ಣಕ್ಕೆ ಎಷ್ಟು ಕೊಡ್ಲಿ ಅಕ್ಕಾ?" ಎಂದು ಗೋಡೆಯಾಚೆಯಿಂದ ನಗು.
ಕಾಯಿ ಕಟ್ಟಲಿಲ್ಲ. ಜೊತೆಗೆ ಇನ್ನೊಂದು ಮರ ಬೇಕಂತೆ.
ಇನ್ನೊಂದು ಇರುವುದು ಚಂಬಾದಲ್ಲಿ.

ಹೋದ ವರ್ಷ ಹಿತ್ತಿಲು ಪಾಲಾಯಿತು.
ಅಳೆಯಲು ಬಂದವನ ಹಗ್ಗ ಸೀದಾ ಮರದ ಮೈಗೆ ಬಂದು ನಿಂತಿತು.
"ಇದೇನು ಮರ? ಏನಂತ ಬರೀಲಿ?"
ತಂಗಿ, ಅಂದೆ.
ದ್ಯಾವಣ್ಣ ನೆಲ ನೋಡಿದ, ಮರ ನೋಡಿದ,
"ಹಂಗಾದ್ರೆ ಅವಳಿಗೂ ಪಾಲು ಬರ್ತದಲ್ಲಕ್ಕ" ಎಂದು
ಹಗ್ಗವನ್ನು ತಾನೇ ಎತ್ತಿ ಬುಡ ಸುತ್ತಿಸಿದ.

ಒಗೆಯುವ ಕಲ್ಲು ಅವನ ಕಡೆ ಹೋಯಿತು.
ಬಟ್ಟೆ ಹೊತ್ತು ಈಗಲೂ ಅಲ್ಲಿಗೇ ಹೋಗುತ್ತೇನೆ.
ಮಿಕ್ಕ ಆರು ಕಾಯಿ ಆ ಶೀತಲ ಕೋಣೆಯಲ್ಲೇ ಉಳಿದವು;
ಯಾವ ತಳಿ ಎಂದು
ಈಗ ಯಾರನ್ನು ಕೇಳುತ್ತಾರೋ.