ಚಿಲ್ಲರೆ ಬಾಕಿ

ಇಪ್ಪತ್ಮೂರು ವರ್ಷ ಟಿಕೆಟ್ ಕೊಟ್ಟವಳು ನಾನು,
ಈ ಬೇಸಿಗೆ ಟಿಕೆಟ್ ತಗೊಂಡೆ.

ರಜೆ ಚೀಟಿ ಇಟ್ಟಾಗ ಡಿಪೋ ಸಾಹೇಬರು ಕೇಳಿದರು:
"ಯಾರ ಮದುವೆನಮ್ಮ? ಯಾರಿಗೆ ಹುಷಾರಿಲ್ಲ?"
ಯಾರಿಗೂ ಏನೂ ಇಲ್ಲ ಸಾರ್. ನಾಟಕ ನೋಡೋದಿದೆ.
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
'ಸ್ವಂತ ಕಾರಣ' ಅಂತ ಅವರೇ ಬರೆದುಕೊಂಡರು.

ದಾವಣಗೆರೆಯ ಏಪ್ರಿಲ್ ಅಂದರೆ
ಮಂಡಕ್ಕಿ ಭಟ್ಟಿಯ ಮರಳು,
ಬಿದ್ದ ಕಾಳೆಲ್ಲ ಅರಳಲೇಬೇಕು.
ನಾನೂ ಅರಳ್ತೀನಿ ಅಂದರೆ ರುಕ್ಕುಬಾಯಿ,
"ಐವತ್ತಕ್ಕಾ? ಸೀದು ಹೋದೀಯ, ಸುಮ್ಮನಿರು."
ಹಾಗನ್ನುತ್ತಲೇ ಹೊಲಿಗೆ ಮಿಷಿನ್ನಿಗೆ ಬಟ್ಟೆ ಹೊದಿಸಿ
ಚಪ್ಪಲಿ ಮೆಟ್ಟಿದಳು.

ಮೈದಾನದಲ್ಲಿ ಕಂಪನಿಯ ತಗಡಿನ ಥೇಟರು.
ಎರಡನೇ ಅಂಕದಲ್ಲಿ ಕರೆಂಟು ಹೋಯಿತು.
ಅತ್ತೆಯ ಪಾತ್ರದವಳು ನಿಲ್ಲಿಸಲಿಲ್ಲ.
ಕತ್ತಲಲ್ಲಿ ಅವಳ ಬಳೆ ಸದ್ದು,
ಯಾರದೋ ಮಗುವಿನ ಕೆಮ್ಮು, ಮಿರ್ಚಿಯ ಎಣ್ಣೆ ವಾಸನೆ.
ಆಮೇಲೆ ಒಂದೊಂದೇ ಮೊಬೈಲಿನ ಬೆಳಕು ಹತ್ತಿ
ಕರಗಿದ ಕಾಡಿಗೆಯ ಮುಖ ಕಂಡಿತು.
ಸೊಸೆಗೆ ಬೈಯುವುದು ಇನ್ನೂ ಮುಗಿದಿರಲಿಲ್ಲ.
ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು, ನಾನೂ.

ರಾತ್ರಿ ಹನ್ನೊಂದರ ಗಾಡಿಯಲ್ಲಿ ಲೈಟು ಕೆಟ್ಟಾಗ
ಬೆರಳಿಂದಲೇ ನೋಟು ಗುರುತಿಸಿ
ಅರವತ್ತು ಜನಕ್ಕೆ ಚಿಲ್ಲರೆ ಕೊಟ್ಟಿದ್ದೇನೆ.
ಆಗ ಯಾರೂ ಎದ್ದಿರಲಿಲ್ಲ. ಇರಲಿ.

ಹಾಡು ಮಾತ್ರ ಕಷ್ಟವಾಯಿತು.
ಗದಗಿನ ಕಡೆಯ ಹಿರಿಯ ಗವಾಯಿ
ಒಂದೇ ಸ್ವರದ ಬಾಗಿಲಲ್ಲಿ ಅರ್ಧ ಗಂಟೆ ನಿಂತರು,
ಒಳಗೂ ಹೋಗಲೊಲ್ಲರು, ಕೆಳಗೂ ಇಳಿಯಲೊಲ್ಲರು.
ಫುಟ್‌ಬೋರ್ಡಿನ ಮೇಲೆ ಹಾಗೆ ನಿಂತವರನ್ನು
ಎಷ್ಟು ಬೈದಿದ್ದೇನೆ ನಾನು!
ರೈಟ್ ರೈಟ್ ಅನ್ನಲು ನಾಲಗೆ ತುರಿಸಿತು.
ರುಕ್ಕುಬಾಯಿ ಆಗಲೇ ನಿದ್ದೆ.
ಯಾವಾಗಲೋ ತಬಲಾ ಊರೆಲ್ಲ ಸುತ್ತಿ ಬಂದು
ಸಮ್ಮಿಗೆ ಕೂತಿತು, ನನ್ನ ತಲೆ ತಾನೇ ಆಡಿತು:
ಓ, ಇದು ಸ್ಟಾಪು.
ಇಳಿಯುವವರು ಇಳಿಯಬಹುದು.
ಯಾರೂ ಇಳಿಯಲಿಲ್ಲ.

ಹರಿಹರದ ಹೊಳೆಯಲ್ಲಿ ಕಾಲು ಇಳಿಬಿಟ್ಟದ್ದು,
ರುಕ್ಕುಬಾಯಿಯ ಒಂದು ಚಪ್ಪಲಿ ತೇಲಿಹೋದದ್ದು
ಬರೆದರೆ ಅವಳು ಮಾತು ಬಿಡುತ್ತಾಳೆ.

ದುರ್ಗಕ್ಕೆ ಹೋದದ್ದು ನನ್ನದೇ ರೂಟಿನಲ್ಲಿ.
ಹೊಸ ಹುಡುಗಿ ಸೊನ್ನೆ ರೂಪಾಯಿ ಚೀಟಿ ಹರಿದು ಕೊಟ್ಟಳು,
ಮುಖ ನೋಡಲಿಲ್ಲ. ನಾನೂ ಯಾರದು ನೋಡಿದ್ದೆ?
ಆನಗೋಡು, ಭರಮಸಾಗರ. ಕಿಟಕಿಯಾಚೆ
ಗುಡ್ಡದ ತುಂಬ ಗಾಳಿಯಂತ್ರಗಳು,
ಒಂದು ಮಾತ್ರ ತಿರುಗದೆ ನಿಂತಿತ್ತು.
ಇಷ್ಟು ವರ್ಷ ನೋಡಿದ್ದು ಚಾಚಿದ ಕೈಗಳನ್ನಷ್ಟೆ.

"ದುರ್ಗ ದುರ್ಗ, ಕೊನೇ ಸ್ಟಾಪು" ಅಂತ ಕೂಗಿದ ಬಾಯಿ,
ಕಾಲು ಮಾತ್ರ ಒಮ್ಮೆಯೂ ಕೋಟೆ ಹತ್ತಿರಲಿಲ್ಲ.
ಕಲ್ಲು ಕಾದ ಹಂಚು.
ಗುಡಿಯ ನೆರಳಲ್ಲಿ ರುಕ್ಕುಬಾಯಿ ಕೂತುಬಿಟ್ಟು
"ನೀ ಹೋಗು, ನಂದು ಇಲ್ಲೇ ಡಿಪೋ" ಅಂದಳು.
ಮೇಲೆ ಯಾರೂ ಇಲ್ಲದ್ದು ನೋಡಿ
ಗಂಟಲು ಬಿಟ್ಟು ಕೂಗಿದೆ:
ಹಿರಿಯೂರ್ ಹಿರಿಯೂರ್ ಹಿರಿಯೂರ್!
ಬಂಡೆಯೂ ಕರೆಯಿತು.
ಒಂದು ಕೋತಿ ಮಾತ್ರ ಎದ್ದು ಬಂತು.

ಜೂನ್ ಐದು. ಖಾಕಿ, ಚೀಲ, ಮಿಷಿನ್ನು.
ಆರೂವರೆ ಗಾಡಿಗೆ ಕಬ್ಬಿಣದ ಟ್ರಂಕಿನವನೊಬ್ಬ ಹತ್ತಿದ.
ನಲವತ್ತರ ಆಸುಪಾಸು, ಬೋಳು ತಲೆ,
ಕಿವಿಯ ಹಿಂದೆ ತೊಳೆಯದೆ ಉಳಿದ ಗುಲಾಬಿ ಬಣ್ಣ.
"ಒಂದು ಹಿರಿಯೂರು" ಅಂದ.
ಅಯ್ಯೋ, ಅತ್ತೆ!
ಸೀರೆ ಉಟ್ಟು ಬಂದಿದ್ದರೆ
ಸೊನ್ನೆ ಚೀಟಿ ಕೊಟ್ಟುಬಿಡುತ್ತಿದ್ದೆನೋ ಏನೋ.

ಇನ್ನೂರರ ನೋಟು ಕೊಟ್ಟ. ಚಿಲ್ಲರೆ ಇರಲಿಲ್ಲ.
ಚೀಟಿಯ ಹಿಂದೆ ಬರೆದೆ: ಬಾಕಿ ಅರವತ್ತೆಂಟು.
ಅದರ ಕೆಳಗೆ ಇನ್ನೇನೋ ಬರೆಯಬೇಕಿತ್ತು,
ಹಿಂದಿನವರು ತಳ್ಳಿದರು.

ಹಿರಿಯೂರಲ್ಲಿ ಎಬ್ಬಿಸಿ ಎಣಿಸಿ ಕೊಟ್ಟೆ.
"ಸರಿಯಿದೆ ನೋಡ್ಕೊಳ್ಳಿ."
"ಸರಿಯಿದೆಯಮ್ಮ" ಅಂದ, ನೋಡಲಿಲ್ಲ.
ಟ್ರಂಕಿನ ಒಂದು ಕಿವಿ ಹಿಡಿದು ಇಳಿಸಿದೆ.
ಡ್ರೈವರ್ ಹಾರ್ನ್ ಹೊಡೆದ.
ರೈಟ್ ಅನ್ನಲು
ಒಂದು ಮಾತ್ರೆ ತಡ ಮಾಡಿದೆ.